ಷಡಕ್ಷರಿಗೆ ಊರು ಕೊಟ್ಟದ್ದು

ಭಾನುವಾರ ಮಧ್ಯಾಹ್ನ ಎರಡು ಗಂಟೆಗೆ, ಶಿವನಿ ಸ್ಟೇಷನ್ನಿನ ಹಿಂದಿದ್ದ ರೈಲ್ವೆ ಕ್ವಾರ್ಟರ್ಸಿನಲ್ಲಿ, ಹಗ್ಗ ಬಿಗಿದಿಟ್ಟಿದ್ದ ಟ್ರಂಕಿನ ಮೇಲೆ ಓಂಕಾರಮೂರ್ತಿ ತನ್ನ ಕೋಟೆಯನ್ನು ಹರಡಿದ. ಗ್ರಾಫ್ ಹಾಳೆಯ ಮೇಲೆ ಮೊನಚು ಪೆನ್ಸಿಲ್ಲಿನಿಂದ ಎಳೆದ ಇಪ್ಪತ್ತಮೂರು ಕೋಣೆಗಳ ಕೋಟೆ ಅದು. ಪಕ್ಕದಲ್ಲಿ ಹದಿನಾಲ್ಕು ಪುಟ ಬರೆದು ತುಂಬಿಸಿದ್ದ ನೋಟ್ ಬುಕ್ಕು, ಅದರ ಪಕ್ಕದಲ್ಲಿ ಕೈಗಡಿಯಾರ ಬಿಚ್ಚಿಟ್ಟ. ಬೀರೂರಿಗೆ ಹೋಗುವ ಪ್ಯಾಸೆಂಜರ್ ಐದೂಕಾಲಿಗೆ. ಅಷ್ಟರೊಳಗೆ ಕೋಟೆ ಬೀಳಬೇಕು.

ಮಂಗಳವಾರ ಗೆಳೆಯ ಲಕ್ಕಣ್ಣ ಈ ಮನೆ ಖಾಲಿ ಮಾಡಿಕೊಂಡು ಹಾವೇರಿ ಕಡೆಯ ಸ್ಟೇಷನ್ನೊಂದಕ್ಕೆ ವರ್ಗವಾಗಿ ಹೋಗುವವನಿದ್ದ. ಅವನಿಲ್ಲದೆ ಆಟವಿಲ್ಲ. ಮೂರು ವರ್ಷ ನಡೆದದ್ದು ಇವತ್ತು ಮುಗಿಯದಿದ್ದರೆ ಇನ್ನು ಮುಗಿಯುವುದೇ ಇಲ್ಲ ಎಂಬುದು ಓಂಕಾರಮೂರ್ತಿಗೆ ಹಾಸಿಗೆ ಸುತ್ತಿಟ್ಟಿದ್ದ ಆ ಖಾಲಿ ಕೋಣೆಯನ್ನು ನೋಡಿದ ಕೂಡಲೇ ಇನ್ನಷ್ಟು ಖಾತ್ರಿಯಾಯಿತು.

ಆಟವೆಂದರೆ ಚೌಕಾಬಾರದಂಥದ್ದಲ್ಲ. ಒಬ್ಬ ಒಂದು ನಾಡನ್ನು ಬಾಯಲ್ಲೇ ಕಟ್ಟುತ್ತ ಹೋಗಬೇಕು. ಉಳಿದವರು ತಲಾ ಒಂದು ಪಾತ್ರ ಹಿಡಿದು, ಆ ನಾಡಿನಲ್ಲಿ ತಾವೇನು ಮಾಡುತ್ತೇವೆಂದು ಹೇಳಬೇಕು. ಮಾಡಹೊರಟದ್ದು ಆಗುತ್ತದೋ ಇಲ್ಲವೋ ಎಂಬ ಅನುಮಾನ ಬಂದಾಗ ದಾಳ ಹಾಕಿ ನೋಡುವುದು. ಹಣ ಕಟ್ಟುವುದಿಲ್ಲ, ಗೆದ್ದವರೂ ಇಲ್ಲ, ಸೋತವರೂ ಇಲ್ಲ. ಕಡೂರಿನ ಕಾಲೇಜಿನಲ್ಲಿ ಫಿಸಿಕ್ಸ್ ಹೇಳುತ್ತಿದ್ದ ಓಂಕಾರಮೂರ್ತಿಗೆ ಇದರ ಪೆಟ್ಟಿಗೆ ಸಿಕ್ಕಿದ್ದು ೧೯೮೪ರಲ್ಲಿ, ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೇ ಪುಸ್ತಕದ ರಾಶಿಯಲ್ಲಿ. ಮೂಲೆ ಹರಿದ ರಟ್ಟಿನ ಪೆಟ್ಟಿಗೆ, ಒಳಗೆ ಮೂರು ಇಂಗ್ಲಿಷ್ ಪುಸ್ತಕ. ಒಂದರಲ್ಲಿ ನಿಯಮ, ಇನ್ನೊಂದರಲ್ಲಿ ನಕ್ಷೆ ಸಮೇತ ಸಿದ್ಧವಾದ ಒಂದು ನಾಡು, ಮೂರನೆಯದರಲ್ಲಿ ಆ ನಾಡಿನ ಜನ. ದಾಳ ಮಾತ್ರ ಇರಲಿಲ್ಲ. ಅವನು ಕಾಲೇಜಿನ ಲ್ಯಾಬಿನಲ್ಲಿ ಪ್ಲಾಸ್ಟರ್ ಆಫ್ ಪ್ಯಾರಿಸಿನಿಂದ ಇಪ್ಪತ್ತು ಮುಖದ ದಾಳವೊಂದನ್ನು ಎರೆದು, ಉಜ್ಜಿ, ಎರಡು ಸಾವಿರ ಸಲ ಹಾಕಿ ಲೆಕ್ಕವಿಟ್ಟ. ಏಳು ಮಾತ್ರ ಸ್ವಲ್ಪ ಹೆಚ್ಚು ಬೀಳುತ್ತಿತ್ತು.

ಪುಸ್ತಕದ ನಾಡನ್ನು ಹಾಗೇ ಕನ್ನಡಕ್ಕೆ ಇಳಿಸಿದರಾಯಿತೆಂದು ಅವನು ಮೊದಲು ಎಣಿಸಿದ್ದ. ಮೊದಲ ಭಾನುವಾರವೇ ಆ ಎಣಿಕೆ ಕೈಕೊಟ್ಟಿತು. ಪುಸ್ತಕದ ಪ್ರಕಾರ ಕಥೆ ಶುರುವಾಗುವುದು ಹೆಂಡದಂಗಡಿಯಲ್ಲಿ. ಅಲ್ಲಿ ಕುಡಿಯುತ್ತ ಕೂತ ಅಪರಿಚಿತರನ್ನು ಒಬ್ಬ ಮುದುಕ ಕೆಲಸಕ್ಕೆ ಕರೆಯುತ್ತಾನೆ. ತರೀಕೆರೆಯ ಹೈಸ್ಕೂಲಿನಲ್ಲಿ ಟೀಚರಾಗಿದ್ದ ಓಂಕಾರಮೂರ್ತಿಯ ತಂಗಿ ಮಲ್ಲಿಕಾಂಬ, "ನಾನ್ಯಾಕೆ ಹೆಂಡದಂಗಡಿಗೆ ಹೋಗ್ಲಿ ಅಣ್ಣ?" ಎಂದು ಕೇಳಿ ಸುಮ್ಮನೆ ಕೂತುಬಿಟ್ಟಳು. ಹೆಂಡದಂಗಡಿ ಹೋಗಿ ಮಠದ ದಾಸೋಹದ ಸಾಲು ಬಂತು. ಆಮೇಲೆ ಹೊನ್ನಯ್ಯನವರು ನಕ್ಷೆಯನ್ನು ಕೈಗೆತ್ತಿಕೊಂಡರು. ಕಡೂರು ತಾಲ್ಲೂಕು ಕಚೇರಿಯಲ್ಲಿ ಸರ್ವೇಯರ್ ಆಗಿ ಇಪ್ಪತ್ತೆರಡು ವರ್ಷ ಸರಪಳಿ ಎಳೆಸಿದ್ದವರು ಅವರು.

"ಮೇಷ್ಟ್ರೇ, ನಿಮ್ಮ ಹೊಳೆ ಗುಡ್ಡ ಹತ್ತಿ ಇಳಿದದೆ" ಎಂದರು.

ನೋಡಿದರೆ ಹೌದು. ಅಚ್ಚಾದ ಪುಸ್ತಕದಲ್ಲೇ ಹೊಳೆ ಗುಡ್ಡ ಹತ್ತಿತ್ತು. ಓಂಕಾರಮೂರ್ತಿ ಒಂದು ತಿಂಗಳು ಕೂತು ನಕ್ಷೆಯನ್ನು ಬೇರೆ ಬರೆದ. ಹಿಮದ ಬೆಟ್ಟ ಅಳಿಸಿ ಮಂಜಿನ ಗಿರಿಸಾಲು ಹಾಕಿದ. ನೆಲದೊಳಗೆ ಬದುಕುವ ಕುಳ್ಳರು ಬಾವಿ ತೋಡುವವರಾದರು. ಪರದೇಶದ ಊರಿನ ಹೆಸರುಗಳು ಯಾರ ನಾಲಿಗೆಗೂ ಹತ್ತದಿದ್ದಾಗ ಸುತ್ತಮುತ್ತಲಿನ ಊರುಗಳ ಹೆಸರನ್ನೇ ಆ ನಾಡಿಗೂ ಇಟ್ಟ. ಪಾತ್ರಗಳಿಗೆ ಒಂದು ನಮೂನೆ ಮಾಡಿ ಸೈಕ್ಲೋಸ್ಟೈಲ್ ಹೊಡೆಸಿದ: ಹೆಸರು, ಕಸುಬು, ಬಲ, ಬುದ್ಧಿ, ಗುಣ, ಊರು, ತಾಯಿಯ ತವರು. ಹೊನ್ನಯ್ಯನವರು ಕತ್ತಿ ಹಿಡಿವ ಮುದ್ದಪ್ಪನಾದರು. ಮಲ್ಲಿಕಾಂಬ ಬೇರು ನಾರಿನ ಔಷಧ ಕೊಡುವ ಹುಲಿಯಮ್ಮನಾದಳು. ಬಿ.ಎಸ್ಸಿ.ಯಲ್ಲಿ ಓಂಕಾರಮೂರ್ತಿಯ ಜೊತೆ ಒಂದೇ ಬೆಂಚಿನಲ್ಲಿ ಕೂತು, ಈಗ ಶಿವನಿಯಲ್ಲಿ ಅಸಿಸ್ಟೆಂಟ್ ಸ್ಟೇಷನ್ ಮಾಸ್ಟರ್ ಆಗಿದ್ದ ಲಕ್ಕಣ್ಣ, ಬೀಗ ಮುರಿಯುವ ಕಳ್ಳ ಬೀರಯ್ಯನಾದ.

ಪುಸ್ತಕದ ಕೊನೆಯಲ್ಲಿ ಹೊಳೆಯನ್ನು ಅಣೆಕಟ್ಟಿನಲ್ಲಿ ಹಿಡಿದಿಟ್ಟ ದುಷ್ಟ ದೊರೆಯೊಬ್ಬನಿದ್ದ. ಅವನಿಗೆ ಊರಿಲ್ಲ, ಅಪ್ಪ ಅಮ್ಮ ಇಲ್ಲ, ಹೆಸರೂ ನೆಟ್ಟಗಿಲ್ಲ. ಓಂಕಾರಮೂರ್ತಿ ಅವನನ್ನು ಕೆರೆಯ ತೂಬು ಮುಚ್ಚಿ, ಕೆಳಗಿನ ಏಳು ಹಳ್ಳಿಯ ಗದ್ದೆಗೆ ನೀರು ತಡೆದ ಕರಿಕೋಟೆಯ ಷಡಕ್ಷರಿಯಾಗಿ ಮಾಡಿದ. ಎಲ್ಲರಿಗೂ ಒಂದೇ ನಿಯಮ ಇರಲೆಂದು ಅವನ ಹೆಸರಿಗೂ ಒಂದು ನಮೂನೆ ತುಂಬಿಟ್ಟ. ಆವತ್ತು ಅದು ಅವನಿಗೆ ಅಚ್ಚುಕಟ್ಟು ಎನಿಸಿತ್ತು.

"ಸರಿ," ಎಂದ ಓಂಕಾರಮೂರ್ತಿ, ಗಡಿಯಾರ ನೋಡಿಕೊಂಡು. "ಮೂರೂ ಜನ ಕೋಟೆ ಬಾಗಿಲಿಗೆ ಬಂದಿದೀರಿ. ಬುರುಜಿನ ಮೇಲಿಂದ ಒಬ್ಬ ಕಹಳೆ ಊದಿ ಕೂಗ್ತಾನೆ." ನೋಟ್ ಬುಕ್ಕು ತೆರೆದು, ತಾನೇ ಎರಡು ಸಂಜೆ ಕೂತು ಬರೆದಿದ್ದನ್ನು ಗಂಭೀರವಾಗಿ ಓದಿದ. "ಏಳು ಹಳ್ಳಿಯ ಒಡೆಯ, ಕರಿಕೋಟೆಯ ಧಣಿ, ದೇವನೂರಿನ ಷಡಕ್ಷರಿಯ ಬಾಗಿಲಿಗೆ ಬಂದವರು ಯಾರು?"

ಹೊನ್ನಯ್ಯನವರು ಎತ್ತಿಕೊಂಡಿದ್ದ ದಾಳವನ್ನು ಕೆಳಗಿಟ್ಟರು.

"ಯಾವೂರು ಅಂದ್ರಿ?"

"ದೇವನೂರು."

"ನಮ್ಮ ಮುದ್ದಪ್ಪನ ಅವ್ವನೂ ದೇವನೂರೋಳೇ ಅಲ್ವಾ?" ಎಂದು ಹೊನ್ನಯ್ಯನವರು ಜೇಬಿನಿಂದ ನಾಲ್ಕು ಮಡಿಕೆಯಾಗಿದ್ದ ನಮೂನೆ ತೆಗೆದು, ಕನ್ನಡಕ ಏರಿಸಿ, ಬೆರಳಿಟ್ಟು ತೋರಿಸಿದರು. "ತಾಯಿಯ ತವರು, ದೇವನೂರು. ನೀವೇ ಬರೆಸಿದ್ದು. ಹಂಗಾದ್ರೆ ಇವನು ಮಾವ ಆಗ್ಬೇಕಲ್ರೀ."

"ಊರು ಒಂದೇ ಆದ್ರೆ ಮಾವ ಹೆಂಗಾಗ್ತಾನೆ ಹೊನ್ನಯ್ಯನೋರೇ?"

"ಅವ್ವನ ಊರಿನ ಗಂಡಸರೆಲ್ಲ ಮಾವಂದಿರೇ ಕಣ್ರೀ. ನಿಮ್ಮ ಫಿಸಿಕ್ಸ್‌ನಾಗೆ ಬೇರೆ ಏನಾದ್ರೂ ಐತಾ?"

"ಇದು ಆಟ."

"ಆಟ ಆದ್ರೇನು. ಮೂರು ವರ್ಸದಿಂದ ಮುದ್ದಪ್ಪನೇ ನಾನು ಅಂತ ಹೇಳ್ಕೊಂಡು ಬಂದಿದೀನಿ. ಮಾವನ ಮನೆ ಬಾಗಿಲಲ್ಲಿ ಕತ್ತಿ ಹಿರಿಯಕ್ಕಾಗ್ತದಾ?"

"ಲೇ ಮೂರ್ತಿ," ಎಂದು ಲಕ್ಕಣ್ಣ ಗೋಡೆಗೊರಗಿದ. "ಮುದ್ದಪ್ಪಂಗೆ ಇನ್ನೂ ಮದುವೆ ಆಗಿಲ್ಲ. ಮಾವನ್ನ ಕೊಂದೋನಿಗೆ ಯಾರೋ ಹೆಣ್ಣು ಕೊಡ್ತಾರೆ?"

ಓಂಕಾರಮೂರ್ತಿ ಉಸಿರು ಬಿಟ್ಟ. ಎರಡು ಇಪ್ಪತ್ತು. ಜಗಳ ಅವರು ತೆಗೆಯದಿದ್ದರೆ ಕೋಟೆಯ ಕಡೆಯಿಂದಲೇ ತೆಗೆದರಾಯಿತು. "ಮಾತಾಡ್ತಾ ನಿಂತಿರೋವಾಗಲೇ ಬುರುಜಿನಿಂದ ಒಂದು ಬಾಣ ಬರ್ತದೆ" ಎಂದು ದಾಳ ಹಾಕಿದ. ಹತ್ತರ ಮೇಲೆ ಬಿದ್ದರೆ ತಾಗಬೇಕು. ದಾಳ ಟ್ರಂಕಿನ ಹಗ್ಗಕ್ಕೆ ತಾಗಿ, ತಿರುಗಿ, ಏಳರಲ್ಲಿ ನಿಂತಿತು.

"ಏಳು," ಎಂದ ಲಕ್ಕಣ್ಣ. "ಅದಕ್ಕೆ ಅದೊಂದೇ ಗೊತ್ತಿರೋದು."

"ಬಾಗಿಲಿಗೆ ಬಂದ ಅಳಿಯನ ಮೇಲೆ ಬಾಣ ಬಿಡಿಸೋದಾ, ಕೆಳಗಿನ ಏಳು ಹಳ್ಳಿಗೂ ಹೋಗಿ ಹೇಳ್ತೀನಿ ಅಂತ ಹುಲಿಯಮ್ಮ ಕೂಗ್ತಾಳೆ" ಎಂದಳು ಮಲ್ಲಿಕಾಂಬ. ಹುಲಿಯಮ್ಮ ಕೂಗಿದಳೋ ಇವಳು ಕೂಗಿದಳೋ, ಹೊರಗೆ ಪ್ಲಾಟ್‌ಫಾರಂ ಗುಡಿಸುತ್ತಿದ್ದವನು ತಿರುಗಿ ನೋಡಿದ.

ಓಂಕಾರಮೂರ್ತಿ ಪುಸ್ತಕ ತೆಗೆದ. ಅಲ್ಲಿ ದೊರೆಯ ಬಗ್ಗೆ ಒಂದೇ ಸಾಲು: ಕಂಡ ಕೂಡಲೇ ಮೇಲೆ ಬೀಳುತ್ತಾನೆ. ನಮೂನೆ ತೆಗೆದ. ಅಲ್ಲಿ ಗುಣ ಎಂಬುದರ ಮುಂದೆ ಅವನದೇ ದುಂಡಗಿನ ಅಕ್ಷರದಲ್ಲಿ ಹೀಗಿತ್ತು: ಹಠಮಾರಿ, ಮರ್ಯಾದೆಗೆ ಬಹಳ ಅಂಜುವವನು. ಮರ್ಯಾದೆಗೆ ಅಂಜುವವನು ಏಳು ಹಳ್ಳಿ ಕೇಳುವ ಹಾಗೆ ಕೂಗಿಸಿಕೊಳ್ಳುವುದಿಲ್ಲ. ಬೇಕಾದರೆ ಈಗಲೂ ನಮೂನೆಯನ್ನು ಕೈಬಿಟ್ಟು ಪುಸ್ತಕ ಹೇಳಿದಂತೆ ಮಾಡಬಹುದಿತ್ತು. ಆದರೆ ಬರೆದಿಟ್ಟದ್ದನ್ನು ಅನುಕೂಲ ನೋಡಿ ಬದಲಾಯಿಸುವ ವಿದ್ಯಾರ್ಥಿಗಳ ಪ್ರಾಕ್ಟಿಕಲ್ ರೆಕಾರ್ಡುಗಳನ್ನು ಅವನು ವರ್ಷವರ್ಷ ವಾಪಸು ಕೊಡುತ್ತಿದ್ದ.

"ಬಾಗಿಲು ತೆಗೀತಾನೆ" ಎಂದ, ಹಲ್ಲು ಕಚ್ಚಿಕೊಂಡು.

"ಕೈಕಾಲಿಗೆ ನೀರು ಕೊಟ್ಟನಾ?" ಎಂದರು ಹೊನ್ನಯ್ಯನವರು.

"ಕೊಟ್ಟ."

"ಏನಡುಗೆ?" ಎಂದಳು ಮಲ್ಲಿಕಾಂಬ.

"ಊಟಗೀಟ ಏನೂ ಇಲ್ಲ ಕಣೇ. ಇದು ಕೋಟೆ."

"ಇಪ್ಪತ್ತಮೂರು ಕೋಣೇಲಿ ಒಂದು ಅಡುಗೆಮನೆ ಇಲ್ವಾ ಅಣ್ಣ?" ಎಂದು ಅವಳು ನಕ್ಷೆಯ ಮೇಲೆ ಬಗ್ಗಿದಳು. ಇತ್ತು. ಹನ್ನೊಂದನೆಯದು. ಹೊಗೆ ಹೋಗಲು ಗವಾಕ್ಷಿ ಸಮೇತ ಬರೆದಿದ್ದ.

ಮೂರೂವರೆಯ ಹೊತ್ತಿಗೆ ಮುದ್ದಪ್ಪ, ಹುಲಿಯಮ್ಮ, ಬೀರಯ್ಯ ಮೂವರೂ ಷಡಕ್ಷರಿಯ ಮನೆಯಲ್ಲಿ ಎಲೆ ಮುಂದೆ ಕೂತು ರಾಗಿ ಮುದ್ದೆ, ಅವರೆಕಾಳಿನ ಸಾರು ಉಣ್ಣುತ್ತಿದ್ದರು. ಓಂಕಾರಮೂರ್ತಿಗೆ ಉಳಿದಿದ್ದ ಒಂದೇ ಆಸೆ ಕಳ್ಳನದು.

"ಲಕ್ಕಣ್ಣ, ಬೀರಯ್ಯ ಏನು ಮಾಡ್ತಾನೆ? ಎಲ್ಲರೂ ಊಟದಲ್ಲಿದಾರೆ. ಹಿತ್ತಲಿಂದ ಹೋದ್ರೆ ತೂಬಿನ ಬೀಗ ಅಲ್ಲೇ ಐತೆ" ಎಂದ. ಹೇಳಿಕೊಡಬಾರದೆಂಬ ನಿಯಮವನ್ನು ಮೂರು ವರ್ಷದಲ್ಲಿ ಮೊದಲ ಸಲ ಮುರಿದಿದ್ದ.

"ಎಲೆ ಮುಂದಿಂದ ಎದ್ದಾ? ಬೀರಯ್ಯ ಕಳ್ಳ ಕಣೋ, ನಾಚಿಕೆಗೆಟ್ಟೋನಲ್ಲ."

"ಹದಿನಾಲ್ಕು ಪುಟ ಬರೆದಿದೀನಿ," ಎಂದ ಓಂಕಾರಮೂರ್ತಿ. ದನಿ ಏರಲಿಲ್ಲ, ಒಣಗಿತ್ತು. "ಸುರಂಗದಲ್ಲಿ ವಿಷದ ಹೊಗೆ. ಅದು ಎಷ್ಟು ನಿಮಿಷಕ್ಕೆ ಎಷ್ಟು ದೂರ ಹರಡ್ತದೆ ಅಂತ ಲೆಕ್ಕ ಹಾಕಿದೀನಿ. ಇಪ್ಪತ್ತು ಜನ ಕಾವಲಿನೋರು. ಒಬ್ಬೊಬ್ಬರಿಗೂ ಹೆಸರಿಟ್ಟಿದೀನಿ."

"ಅವರಿಗೂ ಊರು ಕೊಟ್ಟಿದೀರಾ?" ಎಂದು ಹೊನ್ನಯ್ಯನವರು ಆಸಕ್ತಿಯಿಂದ ಕೇಳಿದರು.

ಕೊಟ್ಟಿದ್ದ. ನೋಟ್ ಬುಕ್ಕು ಮುಚ್ಚಿದ.

ಮೇಷ್ಟ್ರಿಗೆ ನಿಜವಾಗಿಯೂ ಬೇಜಾರಾಗಿದೆಯೆಂದು ಮೂವರಿಗೂ ತಿಳಿಯಿತು. ಲಕ್ಕಣ್ಣ ಗೋಡೆ ಬಿಟ್ಟು ಮುಂದಕ್ಕೆ ಸರಿದು, ಓಂಕಾರಮೂರ್ತಿಯನ್ನೇ ನೋಡುತ್ತ, ಬೀರಯ್ಯನ ದನಿಯಲ್ಲಿ ಮೆಲ್ಲಗೆ ಕೇಳಿದ.

"ಷಡಕ್ಷರಪ್ಪೋರೇ, ಇಷ್ಟೊಳ್ಳೆ ಮನುಷ್ಯರು ನೀವು, ಅನ್ನ ಹಾಕ್ತೀರಿ. ತೂಬು ಯಾಕೆ ಮುಚ್ಚಿದೀರಿ?"

ಪುಸ್ತಕದಲ್ಲಿ ಇದಕ್ಕೆ ಉತ್ತರವಿರಲಿಲ್ಲ. ದುಷ್ಟನಾದ್ದರಿಂದ ಮುಚ್ಚಿದ, ಅಷ್ಟೆ. ಓಂಕಾರಮೂರ್ತಿ ಕೆರೆಯ ನಕ್ಷೆಯನ್ನು ನೋಡಿದ. ಮಣ್ಣಿನ ಏರಿ, ಹದಿನೆಂಟು ಅಡಿ ನೀರು, ಮುನ್ನೂರು ವರ್ಷದ ಹಳೆಯ ತೂಬು. ಆ ನೀರಿನ ಒತ್ತಡವನ್ನು ಅವನೇ ಅಂಚಿನಲ್ಲಿ ಲೆಕ್ಕ ಮಾಡಿ ಬರೆದಿದ್ದ. ಕಲ್ಲು ಎಷ್ಟು ಕಾಲ ತಾಳೀತು ಎಂದು ಮಾತ್ರ ಯೋಚಿಸಿರಲಿಲ್ಲ.

"ತೂಬಿನ ಕಲ್ಲು ಸೀಳಿದೆ," ಎಂದ, ಷಡಕ್ಷರಿಯಾಗಿ. ಹೇಳಿದ ಮೇಲೆ ಅವನಿಗೇ ಆಶ್ಚರ್ಯವಾಯಿತು. "ಒಂದು ಸಲ ಎತ್ತಿದ್ರೆ ಮತ್ತೆ ಕೂರಲ್ಲ. ಕೆರೆಯೆಲ್ಲ ಬರಿದಾಗ್ತದೆ. ಹಂಗಂತ ಹೇಳಿದ್ರೆ ಈ ಷಡಕ್ಷರಿ ಕೈಲಿ ಒಂದು ತೂಬು ನೆಟ್ಟಗಿಟ್ಕೊಳ್ಳಕ್ಕಾಗಲಿಲ್ಲ ಅಂತ ಏಳು ಹಳ್ಳೀಲೂ ಆಡ್ಕೊಳ್ತಾರೆ. ದುಷ್ಟ ಅಂದ್ಕೊಳ್ಳಲಿ, ಪರವಾಗಿಲ್ಲ."

"ಅಯ್ಯೋ ಮಾವ" ಎಂದರು ಹೊನ್ನಯ್ಯನವರು. ಅದು ಮುದ್ದಪ್ಪನ ಮಾತೇ ಆಗಿದ್ದರೂ ಅವರ ಕೈ ಆಗಲೇ ಜೇಬಿನ ಪೆನ್ಸಿಲ್ಲಿಗೆ ಹೋಗಿತ್ತು. ಕಲ್ಲು ಎಷ್ಟು ಅಗಲ, ಎಷ್ಟು ದಪ್ಪ, ಹೊಸದು ಕಡೆಯಲು ಎಷ್ಟು ದಿನ ಎಂದು ಶುರುಮಾಡಿದರು. ನೀರು ಇಳಿವ ಬೇಸಿಗೆಯ ತನಕ ಕಾಯಬೇಕು, ಅಂದರೆ ಮೂರು ತಿಂಗಳು ಎಂದಾಯಿತು. ಗಡಿಯಾರದಲ್ಲಿ ನಾಲ್ಕೂ ಮುಕ್ಕಾಲು.

"ಅಲ್ಲೀತನಕ ಯಾರಿಗೂ ಹೇಳಕೂಡದು" ಎಂದ ಷಡಕ್ಷರಿ. ಓಂಕಾರಮೂರ್ತಿ ಈಗ ನಮೂನೆಯನ್ನೂ ನೋಡುತ್ತಿರಲಿಲ್ಲ. "ನಂಬೋದು ಹೆಂಗೆ? ನಿಮ್ಮಲ್ಲೊಬ್ಬರು ಕೋಟೇಲಿ ಉಳೀಬೇಕು."

"ಬೀರಯ್ಯ ಉಳೀತಾನೆ" ಎಂದ ಲಕ್ಕಣ್ಣ, ತಡವಿಲ್ಲದೆ. ಅವನು ಓಂಕಾರಮೂರ್ತಿಯ ಕಡೆ ನೋಡದೆ ಮೂಲೆಯಲ್ಲಿ ಸುತ್ತಿಟ್ಟ ಹಾಸಿಗೆಯನ್ನು ನೋಡುತ್ತಿದ್ದ. "ಮೂರು ತಿಂಗಳಾಗ್ಲಿ, ಆರಾಗ್ಲಿ. ಅಲ್ಲೇ ಇರ್ತಾನೆ. ನೀವು ಕಲ್ಲು ಮಾಡಿಸ್ಕೊಂಡು ಬರ್ರಿ."

ಹೊರಗೆ ಗಾಡಿಯ ಗಂಟೆ ಹೊಡೆಯಿತು.

ಪ್ಲಾಟ್‌ಫಾರಮ್ಮಿನಲ್ಲಿ ಲಕ್ಕಣ್ಣ ತನ್ನ ನಮೂನೆಯನ್ನು ಓಂಕಾರಮೂರ್ತಿಯ ಕೈಗೆ ಕೊಟ್ಟ. ಅಂಚು ಸವೆದು, ಅಲ್ಲಲ್ಲಿ ಟೀ ಕಲೆ ಹತ್ತಿತ್ತು.

"ಇದು ನಿನ್ನ ಹತ್ರ ಇರ್ಲಿ. ಇನ್‌ಲ್ಯಾಂಡ್ ಕಾಗದ ಹಾಕು. ಬೀರಯ್ಯ ಏನುಂಡ, ಎಲ್ಲಿ ಮಲಗ್ದ ಅಂತ ಬರಿ. ಏನು ಮಾಡ್ತಾನೆ ಅಂತ ನಾನು ಅಲ್ಲಿಂದ ಬರೀತೀನಿ."

"ಹದಿನಾಲ್ಕು ಪುಟ ಲಕ್ಕಣ್ಣ" ಎಂದ ಓಂಕಾರಮೂರ್ತಿ.

"ಗೊತ್ತು ಕಣೋ. ಹತ್ಕೋ, ಗಾಡಿ ಬಿಡ್ತದೆ."

ಓಂಕಾರಮೂರ್ತಿ ಕಿಟಕಿಯ ಪಕ್ಕ ಕೂತ. ಬೀಳದ ಕೋಟೆ ಚೀಲದಲ್ಲಿ ಸುರುಳಿಯಾಗಿತ್ತು. ಅಜ್ಜಂಪುರದಲ್ಲಿ ಗಾಡಿ ನಿಂತಾಗ, ಎದುರಿಗೆ ಕೂತಿದ್ದ ಹೊನ್ನಯ್ಯನವರು ಕೆಮ್ಮಿದರು.

"ಮೇಷ್ಟ್ರೇ, ಮುಂದಿನ ವಾರ ಕಲ್ಲುಕುಟಿಗರನ್ನ ಹುಡುಕಬೇಕು. ಅದಕ್ಕೆ ಕೇಳ್ತೀನಿ, ಆ ಷಡಕ್ಷರಿ ಮಾವನ ಹೆಂಡ್ತಿ ಯಾವೂರು?"

ನಮೂನೆಯಲ್ಲಿ ಹೆಂಡತಿಗೆ ಜಾಗವಿರಲಿಲ್ಲ. ಇನ್ನು ಯಾರಿಗೂ ಊರು ಕೊಡುವುದಿಲ್ಲವೆಂದು ಓಂಕಾರಮೂರ್ತಿ ಶಿವನಿಯಿಂದ ಇಲ್ಲಿಯ ತನಕ ಮನಸ್ಸಿನಲ್ಲೇ ಹೇಳಿಕೊಂಡು ಬಂದಿದ್ದ. ಆದರೆ ಇಪ್ಪತ್ತು ಕಾವಲಿನವರಿಗೆ ಊರಿದ್ದು ಮನೆಯೊಡತಿಗೆ ಇಲ್ಲವೆಂದರೆ ಅದೂ ಸರಿಯಲ್ಲ. ಷಡಕ್ಷರಿಯ ನಮೂನೆಯ ಅಡಿಯಲ್ಲಿ ಸ್ಕೇಲ್ ಇಟ್ಟು ಒಂದು ಗೆರೆ ಎಳೆದ. ಮುದ್ದಪ್ಪನಿಗೂ ಬೀರಯ್ಯನಿಗೂ ಸಂಬಂಧ ಬಾರದ ಊರು ಯಾವುದೆಂದು ಅವರಿಬ್ಬರ ನಮೂನೆಗಳನ್ನು ತಿರುವಿ ನೋಡಿ, ತರೀಕೆರೆ ಎಂದು ಬರೆದ.

"ತರೀಕೆರೆಯಾ?" ಎಂದಳು ಮಲ್ಲಿಕಾಂಬ, ಅವನ ಭುಜದ ಮೇಲಿಂದ ಇಣುಕಿ. "ಹಂಗಾದ್ರೆ ನಮ್ಮ ಹುಲಿಯಮ್ಮನ ಊರಿನ ಮಗಳು. ಮುಂದಿನ ವಾರ ಅವಳಿಗೆ ಒಂದು ರವಿಕೆ ಕಣ ತಗೊಂಡೇ ಹೋಗ್ಬೇಕು ಅಣ್ಣ, ಬರೀ ಕೈಲಿ ಹೋಗಕ್ಕಾಗಲ್ಲ."

ಓಂಕಾರಮೂರ್ತಿ ಪೆನ್ಸಿಲ್ಲಿನ ಹಿಂದಿನ ರಬ್ಬರನ್ನು ನೋಡಿದ. ಅದು ಸವೆದು ತಗಡು ಮಾತ್ರ ಉಳಿದಿತ್ತು.