ಮೃತರೊಡನೆ ಸಂಬಂಧ

ಅಳುವುದಾದರೆ ಹತ್ತೂವರೆಯೊಳಗೆ ಅತ್ತು ಮುಗಿಸಬೇಕಿತ್ತು. ಹತ್ತೂವರೆಗೆ ಮೀಟಿಂಗು.

ಅವಳು ನಾಲ್ಕನೆಯ ಮಹಡಿಯ ಶೌಚಾಲಯದಲ್ಲಿ ಚಿಲಕ ಹಾಕಿಕೊಂಡು, ಕಮೋಡಿನ ಮುಚ್ಚಳದ ಮೇಲೆ ಕೂತು ಕಾದಳು. ಹೊರಗೆ ಯಾರೋ ಕೈ ತೊಳೆದು, ಒಣಗಿಸಿಕೊಂಡು ಹೋದರು. ಹತ್ತು ಇಪ್ಪತ್ತಾರಕ್ಕೆ ಅವಳು ಎದ್ದಳು. ಅಳು ಬಂದಿರಲಿಲ್ಲ. ಆದರೂ ಅಭ್ಯಾಸಬಲದಿಂದ ಫ್ಲಶ್ ಮಾಡಿದಳು.

ಪ್ರತಿ ಗುರುವಾರ ಒಂಬತ್ತೂಕಾಲಿಗೆ ಬರುತ್ತಿದ್ದ ಕರೆ ಇವತ್ತು ಬಂದಿರಲಿಲ್ಲ. ಒಂಬತ್ತೂವರೆಯವರೆಗೆ ನೋಡಿ ಅವಳೇ ಲಾಂಡ್ರಿಗೆ ಮಾಡಿದಳು. ಅಲ್ಲಿಯ ಗುಮಾಸ್ತ ಎತ್ತಿದ. ಯಜಮಾನರು ನಿನ್ನೆ ಮಧ್ಯಾಹ್ನ ಊಟ ಮಾಡಿ ಕುರ್ಚಿಗೆ ಒರಗಿದವರು ಏಳಲೇ ಇಲ್ಲ, ಬೆಳಗಾಗುತ್ತಲೇ ಸಂಸ್ಕಾರವೂ ಮುಗಿಯಿತು ಎಂದ. ಮಷಿನ್ ವಿಷಯವಾದರೆ ನಾಳೆ ಮಾಡಿ ಎಂದೂ ಹೇಳಿದ.

ಮಷಿನ್ ವಿಷಯ. ಅವಳ ಕಂಪನಿ ಬಟ್ಟೆ ಒಗೆಯುವ ದೊಡ್ಡ ಯಂತ್ರಗಳನ್ನು ಮಾಡುತ್ತಿತ್ತು. ಒಂದೊಂದೂ ಒಂದು ಕೋಣೆಯಷ್ಟು. ಅವಳು ಗ್ರಾಹಕ ಸಂಬಂಧ ವಿಭಾಗದ ಮುಖ್ಯಸ್ಥೆ. ಹದಿನೆಂಟು ವರ್ಷದಿಂದ ಬೇರೆಯವರ ಸಿಟ್ಟು ಕೇಳುವುದೇ ಕೆಲಸ. ಎಂಥ ಸಿಟ್ಟೂ ಏಳು ನಿಮಿಷಕ್ಕಿಂತ ಹೆಚ್ಚು ಉರಿಯುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಮೊದಲ ಮೂರು ನಿಮಿಷ ಸುಮ್ಮನಿರಬೇಕು. ನಾಲ್ಕನೆಯದಕ್ಕೆ, "ನಿಮ್ಮ ಬೇಸರ ನನಗೆ ಅರ್ಥವಾಗುತ್ತೆ" ಎನ್ನಬೇಕು. ಅದಕ್ಕೊಂದು ದನಿಯಿತ್ತು. ತಗ್ಗಿದ, ಬೆಚ್ಚಗಿನ, ಯಾರದ್ದೂ ಅಲ್ಲದ ದನಿ. ಆಫೀಸಿನಲ್ಲಿ ಅವಳ ಬೆನ್ನ ಹಿಂದಿನ ಹೆಸರು ಮುಲಾಮು. ಬೆನ್ನ ಹಿಂದಿನದಾದರೂ ಅದು ಅವಳ ಕಿವಿಗೆ ಬಿದ್ದಿತ್ತು, ಬೇಸರವೇನೂ ಆಗಿರಲಿಲ್ಲ. ಹೀಗೆ ಬೇಸರವಾಗದ ವಿಷಯಗಳು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದ್ದವು.

ಲಾಂಡ್ರಿಯ ಯಜಮಾನರು ಆಸ್ಪತ್ರೆಗಳ ಹಾಸಿಗೆ ಬಟ್ಟೆ ಒಗೆಸುತ್ತಿದ್ದವರು. ಹನ್ನೊಂದು ವರ್ಷದ ಹಿಂದೆ ಮೊದಲ ಸಲ ಫೋನಿನಲ್ಲಿ ಕೂಗಾಡಿದ್ದು, ನಾಲ್ಕನೇ ಮಷಿನ್ ಅದುರುತ್ತದೆ ಎಂದು. ಎಂಜಿನಿಯರು ಹೋಗಿ ಸರಿಮಾಡಿ ಬಂದ. ಮುಂದಿನ ಗುರುವಾರ ಮತ್ತೆ ಕರೆ. ಎಂಜಿನಿಯರು ಮತ್ತೆ ಹೋದ. ಮಷಿನ್ ಕಲ್ಲಿನ ಹಾಗೆ ನಿಂತಿದೆ ಎಂದು ಬರೆದುಕೊಟ್ಟ. ಕರೆ ನಿಲ್ಲಲಿಲ್ಲ. "ನಾಲ್ಕನೇ ಮಷಿನ್ ಅದುರ್ತಿದೆ ಕಣಮ್ಮ" ಎಂಬುದು ಕ್ರಮೇಣ ಬಾಗಿಲು ತಟ್ಟುವ ಸದ್ದಿನಂತಾಯಿತು. ಆಮೇಲೆ ಅವರು ತಮ್ಮ ನಿದ್ದೆಯ ಬಗ್ಗೆ ಹೇಳುತ್ತಿದ್ದರು. ಒಗೆದ ಬಟ್ಟೆಯ ವಾಸನೆ ತಮಗೆ ಗೊತ್ತಾಗದೆ ಹತ್ತು ವರ್ಷವಾಯಿತೆಂದು ಹೇಳುತ್ತಿದ್ದರು. ಮನೆ ತುಂಬ ಜನ, ಆದರೆ ತಾವು ಶುರುಮಾಡಿದ ವಾಕ್ಯವನ್ನು ಮುಗಿಸಲು ಯಾರೂ ಬಿಡುವುದಿಲ್ಲವೆಂದು ನಗುತ್ತಿದ್ದರು.

ಅವಳು ಬಿಡುತ್ತಿದ್ದಳು. ಮೊದಲು ಅದು ಕೆಲಸವಾಗಿತ್ತು. ಯಾವಾಗ ಕೆಲಸವಲ್ಲದೇ ಹೋಯಿತೋ ಗೊತ್ತಿಲ್ಲ. ಅಮ್ಮ ಆಸ್ಪತ್ರೆಯಲ್ಲಿ ಕೊನೆಯ ದಿನಗಳನ್ನು ಎಣಿಸುತ್ತಿದ್ದಾಗ ಅವಳು ವಾರ್ಡಿನ ಹೊರಗೆ ನಿಂತೇ ಅವರ ಕರೆ ತೆಗೆದುಕೊಂಡಿದ್ದಳು. ಯಾವ ಆಸ್ಪತ್ರೆ ಎಂದು ಕೇಳಿದ್ದರು. ಹೇಳಿದಳು. "ನಿಮ್ಮಮ್ಮ ಮಲಗಿರೋ ಚಾದರದ ಅಂಚಲ್ಲಿ ನೀಲಿ ದಾರ ಇದೆಯಾ ನೋಡು. ಇದ್ರೆ ನಮ್ಮಲ್ಲಿ ಒಗೆದದ್ದು. ಚೆನ್ನಾಗಿ ಒಗೆದಿರ್ತೀವಿ" ಎಂದಿದ್ದರು. ನೀಲಿ ದಾರ ಇತ್ತು. ಅಮ್ಮ ಹೋದಾಗ ಅವಳಿಗೆ ಬಂದ ಸಮಾಧಾನದ ಮಾತುಗಳಲ್ಲಿ ನೆನಪಿರುವುದು ಅದೊಂದೇ.

ಮುಖತಃ ಕಂಡದ್ದು ಎರಡೇ ಸಲ. ಎರಡು ಸಲವೂ ಇಬ್ಬರಿಗೂ ಬೇರೆ ಮಾತು ಹೊರಡದೆ, ಮಷಿನ್ನಿನ ಬಗ್ಗೆ ಮಾತಾಡಿದ್ದರು.

ಮೀಟಿಂಗು ಮುಗಿಯುವಷ್ಟರಲ್ಲಿ ಅವಳು ನಿರ್ಧರಿಸಿಯಾಗಿತ್ತು. ಹೋಗುತ್ತೇನೆ. ಕಂಪನಿಯವಳಾಗಿ ಅಲ್ಲ. ನಾನಾಗಿ.

ಹಾಗೆ ಹೋಗಲು ರಜೆ ಬೇಕಿತ್ತು. ಸಾವಿನ ಮನೆಗೆ ಹೋಗಲು ಬೇರೆಯೇ ಅರ್ಜಿ. ಅದರ ಮೂರನೆಯ ಸಾಲಿನಲ್ಲಿ 'ಮೃತರೊಡನೆ ಸಂಬಂಧ' ಎಂದಿತ್ತು. ಅವಳು ಪೆನ್ನು ಹಿಡಿದು ಕೂತಳು. ಹದಿನೆಂಟು ವರ್ಷದಿಂದ ಸಂಬಂಧದ ಹೆಸರಿನ ವಿಭಾಗದಲ್ಲಿ ದುಡಿದವಳಿಗೆ ಬರೆಯಲು ಒಂದು ಪದ ಸಿಗಲಿಲ್ಲ. ಕೊನೆಗೆ 'ಗ್ರಾಹಕರು' ಎಂದು ಬರೆದಳು. ಸಿಬ್ಬಂದಿ ವಿಭಾಗದ ಹುಡುಗಿ ಅರ್ಜಿಯನ್ನು ನೋಡಿ, ತಂದೆ, ತಾಯಿ, ಗಂಡ, ಮಕ್ಕಳು, ಅತ್ತೆ ಮಾವ ಇಷ್ಟೇ ಬರುವುದು ಮೇಡಂ ಎಂದು ಮೆಲ್ಲಗೆ ತಿಳಿಸಿದಳು. ಗ್ರಾಹಕರಾದರೆ ರಜೆಯೇ ಬೇಡ, ಡ್ಯೂಟಿಯ ಮೇಲೆ ಹೋಗಬಹುದು. ಅವಳು ಅರ್ಜಿಯನ್ನು ನಾಲ್ಕಾಗಿ ಹರಿದು, ಅರ್ಧ ದಿನದ ಮಾಮೂಲಿ ರಜೆ ಬರೆದುಕೊಟ್ಟಳು. ಕಾರಣ: ಸ್ವಂತ.

ಸುದ್ದಿ ಮೇಲಧಿಕಾರಿಗೆ ಆಗಲೇ ಮುಟ್ಟಿತ್ತು. ಆತ ಅವಳನ್ನು ಕರೆದು, ಬಹಳ ಒಳ್ಳೆಯ ಮನುಷ್ಯರು ಎಂದು ಒಂದು ಕ್ಷಣ ತಲೆ ತಗ್ಗಿಸಿದ. ಆಮೇಲೆ ತಲೆಯೆತ್ತಿ, ಲಾಂಡ್ರಿಯ ಕಾಂಟ್ರಾಕ್ಟು ಈ ತಿಂಗಳ ಕೊನೆಗೆ ಮುಗಿಯುತ್ತದೆ, ಮಗ ಬೇರೆ ಕಂಪನಿಯವರ ಜೊತೆ ಓಡಾಡುತ್ತಿದ್ದಾನೆ ಎಂದ. ಹೊಸ ಕಾಂಟ್ರಾಕ್ಟಿನ ಕಾಗದ ಬ್ಯಾಗಿನಲ್ಲಿರಲಿ, ತೆಗೆಯಬೇಕೆಂದೇನಿಲ್ಲ, ಸುಮ್ಮನೆ ಇರಲಿ.

"ನಾನು ರಜೆ ಮೇಲೆ ಹೋಗ್ತಿದೀನಿ" ಎಂದಳು.

"ಅದೇ ಒಳ್ಳೇದು. ಸಹಜವಾಗಿರುತ್ತೆ" ಎಂದ.

ಅವಳು ಕಾಗದವನ್ನು ಮೇಜಿನ ಮೇಲೆ, ಎಲ್ಲರಿಗೂ ಕಾಣುವ ಹಾಗೆ ಬಿಟ್ಟಳು. ಕೊರಳಿನ ಗುರುತಿನ ಚೀಟಿ ತೆಗೆದು ಡ್ರಾಯರಿಗೆ ಹಾಕಿದಳು. ಬ್ಯಾಗಿನಲ್ಲಿದ್ದ ವಿಸಿಟಿಂಗ್ ಕಾರ್ಡುಗಳನ್ನೂ, ತಳದಲ್ಲಿ ಸಿಕ್ಕಿಕೊಂಡಿದ್ದ ಕೊನೆಯದರವರೆಗೂ ಹುಡುಕಿ ಹಾಕಿದಳು. ಕೊರಳು ಹಗುರಾಗಿ ಇನ್ನಾರದೋ ಎನಿಸಿತು.

ಬಸ್ಸಿನಲ್ಲಿ ಗಂಡನ ಫೋನು. ಸಂಜೆ ಬೇಗ ಬರುತ್ತೀಯಾ ಎಂದು ಕೇಳಲು ಮಾಡಿದ್ದ.

"ಒಬ್ಬರು ತೀರಿಕೊಂಡ್ರು" ಎಂದಳು.

"ಯಾರು?"

"ಕ್ಲೈಂಟು."

"ಓ" ಎಂದ. ಅವನ ಉಸಿರು ಸಡಿಲಾದದ್ದು ಕೇಳಿಸಿತು. "ನಾನು ಯಾರೋ ನಮ್ಮೋರು ಅಂದ್ಕೊಂಡೆ."

ಅವಳು ಉತ್ತರಿಸಲು ಬಾಯಿ ತೆರೆದಳು. ಹೊರಬಂದದ್ದು ಆ ತಗ್ಗಿದ, ಬೆಚ್ಚಗಿನ ದನಿ. ಬೇಗ ಬರಲು ಪ್ರಯತ್ನಿಸುತ್ತೇನೆ ಎಂದಳು.

ಮನೆಯ ಮುಂದೆ ಚಪ್ಪಲಿಗಳು ಬಹಳವಿದ್ದವು. ಒಳಗೆ ಸೋಫಾಗಳನ್ನು ಗೋಡೆಗೆ ಸರಿಸಿ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ಒಂದು ಕುರ್ಚಿ ಖಾಲಿಯಿತ್ತು, ಅವಳು ಕೂತಳು. ಗೋಡೆಯ ಮೇಲಿನ ಫೋಟೋದಲ್ಲಿ ಯಜಮಾನರು ಕೋಟು ಹಾಕಿ ಬಿಗುವಾಗಿದ್ದರು. ಆ ಮುಖಕ್ಕೆ ಅವಳಿಗೆ ಗೊತ್ತಿದ್ದ ದನಿಯನ್ನು ಹೊಂದಿಸಲು ನೋಡಿದಳು. ಹೊಂದಲಿಲ್ಲ. ಆದರೂ ಕಣ್ಣು ತೇವವಾಯಿತು. ಸದ್ಯ, ಬಂತು, ಎಂದುಕೊಂಡಳು.

ಎದುರಿಗೆ ಕೂತಿದ್ದ ಮಗಳು ಅವಳನ್ನೇ ನೋಡುತ್ತಿದ್ದಳು. ಸತ್ತವರ ಮೂಗೇ ಆಕೆಯದೂ. ಸ್ವಲ್ಪ ಹೊತ್ತಿಗೆ ಬಗ್ಗಿ ಕೇಳಿದಳು.

"ನೀವು?"

"ಪರಿಚಯದವಳು."

"ಅಪ್ಪನಿಗಾ? ಎಲ್ಲಿ ಪರಿಚಯ?"

ಸುಳ್ಳು ಹೇಳುವುದು ಬೇಡವೆಂದು ಅವಳು ಬಸ್ಸಿನಲ್ಲೇ ತೀರ್ಮಾನಿಸಿದ್ದಳು. "ಫೋನಲ್ಲಿ" ಎಂದಳು. ಹೇಳಿದ ಮೇಲೆ ಆ ಮಾತು ಕೋಣೆಯ ನಡುವೆ ಹೋಗಿ ನಿಂತದ್ದು ಕಂಡಿತು. ನಲವತ್ತಮೂರರ ಹೆಂಗಸು, ಒದ್ದೆ ಕಣ್ಣು, ಫೋನಿನಲ್ಲಿ ಪರಿಚಯ. ಪಕ್ಕದ ಕುರ್ಚಿಯವರು ತಮ್ಮ ಮಾತು ನಿಲ್ಲಿಸಿದರು.

ಒಳಕೋಣೆಯ ಬಾಗಿಲಲ್ಲಿ ಕೂತಿದ್ದ ಯಜಮಾನರ ಹೆಂಡತಿ ಮೆಲ್ಲಗೆ ತಲೆಯೆತ್ತಿದರು. ಅತ್ತು ಅತ್ತು ಬತ್ತಿದ ಮುಖ. ಅವರು ಕೇಳಿದ್ದು ಬಹಳ ಮೆತ್ತಗೆ.

"ಗುರುವಾರ ಗುರುವಾರ ಬಾಗಿಲು ಹಾಕ್ಕೊಂಡು ಮಾತಾಡ್ತಿದ್ದದ್ದು... ನಿಮ್ಮ ಜೊತೇನಾ?"

ಹನ್ನೊಂದು ವರ್ಷ ಆ ಬಾಗಿಲಿನ ಈಚೆಗೆ ಒಬ್ಬರು ಕೂತಿದ್ದರೆಂದು ಅವಳಿಗೆ ಗೊತ್ತಿರಲಿಲ್ಲ. ಹೌದು ಎಂದರೆ ನಿಜ. ಆ ನಿಜವನ್ನು ಈ ಹೆಂಗಸು ಇನ್ನುಳಿದ ಆಯುಷ್ಯವೆಲ್ಲ ಹೊರಬೇಕು. ಫೋಟೋದಲ್ಲಿದ್ದವರಿಗೆ ಸಮಜಾಯಿಷಿ ಕೊಡಲು ಬಾಯಿಲ್ಲ. ಅವಳು ಯೋಚಿಸಿದ್ದು ಒಂದೇ ಕ್ಷಣ. ಬೆನ್ನು ನೆಟ್ಟಗೆ ಮಾಡಿದಳು. ಕಣ್ಣೊರೆಸಿಕೊಂಡಳು. ಕಾರ್ಡು ಇರಲಿಲ್ಲ, ಚೀಟಿ ಇರಲಿಲ್ಲ, ಇದ್ದದ್ದು ದನಿಯೊಂದೇ. ಅದನ್ನು ತಂದುಕೊಂಡಳು.

"ಹೌದು ಮೇಡಂ. ನಾನು ವಾಷಿಂಗ್ ಮಷಿನ್ ಕಂಪನಿಯವಳು. ಗ್ರಾಹಕ ಸಂಬಂಧ ವಿಭಾಗ. ಸರ್ ಪ್ರತಿ ಗುರುವಾರ ಕಂಪ್ಲೇಂಟ್ ಕೊಡ್ತಿದ್ರು. ಕಂಪನಿಯ ಪರವಾಗಿ ನಮ್ಮ ಸಂತಾಪ."

ಕೋಣೆ ಉಸಿರು ಬಿಟ್ಟಿತು. ಪಕ್ಕದವರು ಮಾತು ಮುಂದುವರಿಸಿದರು. ಮಗಳು ಕುರ್ಚಿಗೆ ಒರಗಿ, ಮಷಿನ್ ವಿಷಯ ಅಮ್ಮಾ ಎಂದಳು.

ಹೆಂಡತಿ ಮಾತ್ರ ಇನ್ನೂ ನೋಡುತ್ತಿದ್ದರು. "ಇಷ್ಟು ವರ್ಷ ಏನು ಹೇಳ್ತಿದ್ರು?"

"ನಾಲ್ಕನೇ ಮಷಿನ್ ಅದುರುತ್ತೆ ಅಂತ."

"ಅಷ್ಟೇನಾ?"

"ಅಷ್ಟೇ, ಮೇಡಂ."

ಹೆಂಡತಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದರು. "ನನ್ನ ಹತ್ರ ಅಷ್ಟೂ ಆಡ್ತಿರಲಿಲ್ಲ" ಎಂದರು.

ಅಷ್ಟರಲ್ಲಿ ಮಗ ಬಂದ. ಮೂವತ್ತರ ಆಸುಪಾಸಿನವನು, ನಿದ್ದೆಗೆಟ್ಟ ಕಣ್ಣು. ಯಾರೆಂದು ತಿಳಿದು, ಓ ನೀವೇನಾ ಎಂದು ಅವಳನ್ನು ಪಡಸಾಲೆಯ ಮೂಲೆಗೆ ಕರೆದುಕೊಂಡು ಹೋದ. ಅವಳ ಮೇಲಧಿಕಾರಿಯ ಇಮೇಲ್ ಹನ್ನೊಂದು ಗಂಟೆಗೇ ಬಂದಿತ್ತಂತೆ. ಸಂತಾಪವೂ ಕಾಂಟ್ರಾಕ್ಟೂ ಒಂದೇ ಮೇಲ್‌ನಲ್ಲಿ. ಅವನು ಬೈಯುತ್ತಾನೆ ಎಂದುಕೊಂಡಳು. ಬೈಯಲಿ ಎಂದು ಆಸೆಯಾಯಿತು. ತಾನು ಅದಕ್ಕಾಗಿ ಬಂದದ್ದಲ್ಲ, ಬೇಡ, ಇವತ್ತು ಬೇಡ ಎಂದಳು. ಅವನಿಗೆ ಕೇಳಿಸಿದಂತಿರಲಿಲ್ಲ.

"ನಾನು ಬೇರೆಯವರ ಹತ್ರ ಹೋಗೋನಿದ್ದೆ, ನಿಜ" ಎಂದ. "ಹೋದ ವಾರ ಅಪ್ಪ ಕೂರಿಸ್ಕೊಂಡು ಹೇಳಿದ್ರು. ಆ ಕಂಪನಿ ಬಿಡಬೇಡ. ಮಷಿನ್ ಹೆಂಗಾದ್ರೂ ಇರಲಿ, ಅಲ್ಲಿ ಕೇಳಿಸ್ಕೊಳ್ಳೋರಿದಾರೆ ಅಂತ."

ಅವನು ಫೋನಿನ ಗಾಜಿನ ಮೇಲೆ ಬೆರಳಿನಿಂದ ಸಹಿ ಮಾಡಿದ. ಇನ್ನು ಮೂರು ವರ್ಷದ ಕಾಂಟ್ರಾಕ್ಟಿಗೆ. ಬಾಗಿಲಲ್ಲಿ ಅಮ್ಮನೂ ಮಗಳೂ ನೋಡುತ್ತಿದ್ದರು. ಅವಳು ಇನ್ನೂ ಕಂಪನಿಯವಳಾಗಿರಬೇಕಿತ್ತು. ತುಸುವೇ ಬಗ್ಗಿ, "ಥ್ಯಾಂಕ್ಯೂ ಸರ್. ನಿಮ್ಮ ನಂಬಿಕೆಗೆ" ಎಂದಳು. ಸತ್ತವರು ತನಗಾಗಿ ಬಿಟ್ಟುಹೋದ ಒಂದೇ ಮಾತಿಗೆ ಅವಳು ಕೊಟ್ಟ ರಸೀತಿ ಅದು.

ಬೀದಿಯ ತಿರುವು ದಾಟುವ ಮೊದಲೇ ಮೇಲಧಿಕಾರಿಯ ಫೋನು. ನಿನ್ನ ಹಾಗೆ ಇನ್ನೊಬ್ಬರಿಂದ ಆಗುತ್ತಿರಲಿಲ್ಲ ಎಂದ. ಮೊದಲ ಬಾರಿಗೆ ಏಕವಚನ ಬಳಸಿದ್ದ; ಅದು ಪ್ರೀತಿಯಿರಬೇಕು. ತಾನು ರಜೆಯ ಮೇಲಿದ್ದೇನೆ ಎಂದು ಅವಳು ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು. ಅದನ್ನು ರದ್ದು ಮಾಡಿಸಿಯಾಯಿತು, ಡ್ಯೂಟಿ ಎಂದೇ ಹಾಕಿಸಿದ್ದೇನೆ, ನಿನ್ನ ಅರ್ಧ ದಿನ ಯಾಕೆ ಹಾಳಾಗಬೇಕು ಎಂದ.

ಅವಳು ಫೋನನ್ನು ಆರಿಸಿದಳು. ಹದಿನೆಂಟು ವರ್ಷದಲ್ಲಿ ಕೆಲಸದ ಹೊತ್ತಿನಲ್ಲಿ ಅದು ಆರಿದ್ದು ಇದೇ ಮೊದಲು. ಇವತ್ತು ಅಳದೆ ಮನೆಗೆ ಹೋಗುವುದಿಲ್ಲ, ಎಂದುಕೊಂಡಳು. ಅದೊಂದು ಕೆಲಸ, ಮುಗಿಸಬೇಕು. ಬಸ್ ನಿಲ್ದಾಣವನ್ನು ದಾಟಿ ನಡೆದಳು. ಒಂದು ಪಾರ್ಕಿನ ಬೆಂಚಿನಲ್ಲಿ ಜನವಿತ್ತು. ಒಂದು ಹೋಟೆಲಿನವನು ಏನು ಬೇಕು ಎಂದು ಕೇಳಿಬಿಟ್ಟ. ಅವಳು ಬಲಕ್ಕೆ ಹೊರಳಿ, ಗೊತ್ತಿಲ್ಲದ ಬೀದಿಗೆ ಇಳಿದಳು.

ಆ ಬೀದಿಯಲ್ಲಿ ಒಂದು ಮನೆಯನ್ನು ಕೆಡವುತ್ತಿದ್ದರು. ಆ ದಿನದ ಕೆಲಸ ಮುಗಿದಿತ್ತು. ಮೂರು ಮಹಡಿಯ ಮನೆಯಿರಬೇಕು. ಹಿಂದಿನ ಗೋಡೆಯೊಂದೇ ನಿಂತಿತ್ತು. ಅದರ ಮೇಲೆ ಕೋಣೆಗಳ ಬಣ್ಣ ಉಳಿದಿತ್ತು. ಕೆಳಗೆ ಹಸಿರು, ನಡುವೆ ಹಳದಿ, ಅಡುಗೆಮನೆಯಿದ್ದಲ್ಲಿ ಹೊಗೆಯ ಕಪ್ಪು. ಮೆಟ್ಟಿಲಿನ ಗುರುತು ಗರಗಸದ ಹಲ್ಲಿನ ಹಾಗೆ ಮೇಲಕ್ಕೆ ಹತ್ತಿತ್ತು. ಅದರ ತುದಿಯಲ್ಲಿ, ಮೂರನೆಯ ಮಹಡಿಯೆಂಬುದು ಇದ್ದಲ್ಲಿ, ಒಂದು ಬಾಗಿಲು. ಪಕ್ಕದಲ್ಲಿ ಕರೆಗಂಟೆಯ ಗುಂಡಿ. ಬಾಗಿಲ ಮುಂದೆ ನೆಲವಿರಲಿಲ್ಲ.

ಕಾವಲಿನವನು ತಗಡಿನ ಬೇಲಿಯ ಬಳಿಯಿಂದ ಎದ್ದು ಬಂದ. "ಯಾರು ಬೇಕಿತ್ತಮ್ಮ? ಇಲ್ಲಿ ಯಾರೂ ಇಲ್ಲ."

"ಗೊತ್ತು" ಎಂದಳು. ಅದು ಅವಳದೇ ದನಿಯಾಗಿತ್ತು. ಒಡಕು, ಸ್ವಲ್ಪ ಗಡಸು.

"ನಾಳೆ ಅದನ್ನೂ ಬೀಳಿಸ್ತಾರೆ."

"ಸ್ವಲ್ಪ ಹೊತ್ತು ನಿಂತಿರ್ತೀನಿ."

ಅವನು ಅವಳ ಮುಖ ನೋಡಿ ವಾಪಸು ಹೋದ. ಅಳು ಬರುವುದಾದರೆ ಇಲ್ಲೇ ಬರಲಿ ಎಂದು ಅವಳು ಕಾಲನ್ನು ಗಟ್ಟಿಯಾಗಿ ಊರಿ ನಿಂತಳು. ಗಾಳಿ ಎದ್ದಿತು. ಮೇಲೆ ಆ ಬಾಗಿಲು ಮೆಲ್ಲಗೆ, ಬಂದವರನ್ನು ಒಳಕ್ಕೆ ಕರೆಯುವ ಹಾಗೆ, ಪೂರ್ತಿ ತೆರೆದುಕೊಂಡಿತು. ಈಚೆಗೂ ಆಕಾಶ, ಆಚೆಗೂ ಅದೇ ಆಕಾಶ. ಒಂದು ಕ್ಷಣ ಹಾಗೇ ಕಾದು, ಅಷ್ಟೇ ಮರ್ಯಾದೆಯಿಂದ ಮುಚ್ಚಿಕೊಂಡಿತು.