ಮೇಘಿ ಏನಂದಳು?

ತವನಪ್ಪ ಚಿಕ್ಕೋಡಿ ಹತ್ತಿರದ ಒಂದು ಸಕ್ಕರೆ ಕಾರ್ಖಾನೆಯ ಆಫೀಸಿನಲ್ಲಿ ಗುಮಾಸ್ತ. ಅಲ್ಲಿಗೆ ಕಂಪ್ಯೂಟರ್ ಬಂದಾಗ ಕನ್ನಡ ಟೈಪಿಂಗ್ ಕಲಿತವರಲ್ಲಿ ಅವನೇ ಮೊದಲಿಗ. 2008ರಲ್ಲಿ ಮನೆಗೂ ಒಂದು ತಂದು ಇಂಟರ್ನೆಟ್ ಹಾಕಿಸಿದ. ಆ ವರ್ಷವೇ ಅವನ ನಾಲ್ಕು ವರ್ಷದ ಮಗಳು ಮೇಘಾ, ಹಾಲು ಹಾಕಲು ಬಂದ ಸಂಭಾಜಿಯನ್ನು ಬಾಗಿಲಲ್ಲಿ ತಡೆದು, “ನಿಮ್ಮ ಎಮ್ಮಿ ಮರಾಠಿ ಎಮ್ಮಿಯೋ, ಕನ್ನಡ ಎಮ್ಮಿಯೋ?” ಎಂದು ಕೇಳಿದಳು. ಮನೆಯಲ್ಲಿ ಮರಾಠಿ, ವ್ಯಾಪಾರದಲ್ಲಿ ಕನ್ನಡ ಆಡುವ ಸಂಭಾಜಿ ಹಾಲು ಅಳೆಯುತ್ತಾ, ಹಿಂಡುವಾಗ ಮರಾಠಿ, ಒದೆಯುವಾಗ ಕನ್ನಡ ಎಂದ.

ತವನಪ್ಪ ನಕ್ಕು ನಕ್ಕು ಸುಸ್ತಾದ. ಆ ಮಾತು ಮರೆತುಹೋಗಬಾರದೆಂದು ಒಂದು ಬ್ಲಾಗ್ ತೆರೆದು ಬರೆದಿಟ್ಟ. ‘ಮೇಘಿ ಅಂದಳು’ ಎಂದು ಅದಕ್ಕೆ ಹೆಸರು.

ಓದುವವರು ಬಂದರು. ಮೊದಲು ಆಫೀಸಿನ ಗೆಳೆಯರು, ಆಮೇಲೆ ಧಾರವಾಡದವರು, ಮೈಸೂರಿನವರು, ಮಸ್ಕತ್‌ನಲ್ಲಿ ನೌಕರಿಗಿದ್ದ ಅಥಣಿಯ ಒಬ್ಬರು. ಆ ಅಥಣಿಯವರಂತೂ ದಿನಾ ಚಹಾದ ಹೊತ್ತಿಗೆ ಮೇಘಿಯ ಮಾತು ಓದದಿದ್ದರೆ ಚಹಾ ರುಚಿಸುವುದಿಲ್ಲ ಎಂದು ಬರೆಯುತ್ತಿದ್ದರು. ಪುಟದ ಅಡಿಯಲ್ಲಿ ಎಷ್ಟು ಜನ ಬಂದುಹೋದರೆಂದು ತೋರಿಸುವ ಅಂಕಿ ಇತ್ತು. ತವನಪ್ಪ ಬೆಳಗ್ಗೆ ಹಲ್ಲುಜ್ಜುವ ಮುಂಚೆ ಅದನ್ನು ನೋಡತೊಡಗಿದ. ಒಂದು ವಾರ ಬರೆಯದಿದ್ದರೆ ಅಂಕಿ ಮಲಗಿಬಿಡುತ್ತಿತ್ತು. ಮೇಘಿ ಇವತ್ತೇನಂದಳು ಎಂದು ಮಂದಿ ಕೇಳುತ್ತಿದ್ದರು. ಉತ್ತರ ಸಿಗದಿದ್ದರೆ ಕೇಳುವುದನ್ನೂ ಬಿಡುತ್ತಿದ್ದರು.

ಮಗು ದಿನಾ ಹೊಸದೇನಾದರೂ ಹೇಳಬೇಕಲ್ಲ? ತವನಪ್ಪ ತಾನೇ ಕೆದಕಿ ಕೇಳಲು ಶುರುಮಾಡಿದ. ಆಕಾಶದ ಚಂದಪ್ಪ ಎಲ್ಲಿ ಉಣ್ಣುತ್ತಾನೆ, ಬಸ್ಸಿಗೆ ನಿದ್ದೆ ಬಂದರೆ ಏನು ಮಾಡುತ್ತದೆ ಎಂದೆಲ್ಲ. ಮೇಘಾಗೆ ಆಟ ತಿಳಿಯಲು ತಡವಾಗಲಿಲ್ಲ. ಅಪ್ಪ ನಕ್ಕರೆ ಅವಳಿಗೂ ಖುಷಿ. ಏಳೆಂಟು ವರ್ಷದವಳಾಗುವ ಹೊತ್ತಿಗೆ ಮಾತನ್ನು ಮೊದಲೇ ಹೊಂದಿಸಿಕೊಂಡು ಬಂದು, ಹೇಳಿ ಮುಗಿಸಿ, “ಪಪ್ಪಾ, ಇದನ್ನ ಬರೀತಿ?” ಎಂದು ಕೇಳುತ್ತಿದ್ದಳು. ಅವನು ಬರೆದ. ಓದುಗರಿಗೆ ಹಿಡಿಸಲಿಲ್ಲ. ಮೇಘಿ ಇತ್ತೀಚೆಗೆ ದೊಡ್ಡವರ ಹಾಗೆ ಮಾತಾಡುತ್ತಾಳೆ, ಮೊದಲಿನ ಸ್ವಾರಸ್ಯ ಇಲ್ಲ ಎಂದು ಮಸ್ಕತ್‌ನವರೇ ಬರೆದರು. ಅದನ್ನೋದಿದ ದಿನ ತವನಪ್ಪನಿಗೆ ಊಟ ಸೇರಲಿಲ್ಲ.

ಅಲ್ಲಿಂದ ಅವನು ಅವಳನ್ನು ಕೇಳುವುದನ್ನು ಬಿಟ್ಟು, ಅವಳಿಗೆ ಗೊತ್ತಾಗದಂತೆ ಕಿವಿಗೊಡತೊಡಗಿದ. ಅವಳು ಗೊಂಬೆಯ ಜೊತೆ ಆಡುವಾಗ, ತಾಯಿಯ ಹತ್ತಿರ ತಲೆ ಬಾಚಿಸಿಕೊಳ್ಳುವಾಗ ಬಾಗಿಲ ಮರೆಯಲ್ಲಿ ನಿಲ್ಲುತ್ತಿದ್ದ. ಹೆಂಡತಿ ಸುಗಂಧಾ ಒಮ್ಮೆ ಅವನನ್ನು ಅಲ್ಲಿ ಕಂಡು, ಹುಡುಗಿ ದೊಡ್ಡವಳಾಗುತ್ತಿದ್ದಾಳೆ, ಇನ್ನು ಸಾಕು ಮಾಡ್ರಿ ಅಂದಳು. ಜನ ಎಷ್ಟು ಪ್ರೀತಿಯಿಂದ ಓದುತ್ತಾರೆ ಗೊತ್ತೇನು ಎಂದು ಅವನು ಅವಳನ್ನೇ ತಿರುಗಿ ಕೇಳಿದ.

ಮೇಘಾ ಐದನೆಯ ಇಯತ್ತೆ ಓದುತ್ತಿದ್ದಾಗ ಒಂದು ಸಂಜೆ ಅಡಿಗೆ ಮನೆಯಲ್ಲಿ ತಾಯಿಯ ಹತ್ತಿರ ಅಳುತ್ತಿದ್ದಳು. ಅವಳ ಗೆಳತಿ ಶುಭಾಂಗಿ ಈಗ ಬೇರೆಯವಳ ಪಕ್ಕ ಕೂರುತ್ತಿದ್ದಳಂತೆ. “ನಾ ದಿನಾ ನನ್ನ ಪಾಲಿನ ಚಿಕ್ಕಿ ಅಕಿಗೇ ಕೊಡತೀನಿ ಮಮ್ಮಿ. ಚಿಕ್ಕಿ ತಿನ್ನೂತನಕ ನನ್ನ ಬಾಜೂಕ ಕುಂದರತಾಳ. ತಿಂದು ಆತಂದ್ರ ಎದ್ದು ಹೋಗತಾಳ.” ಪಡಸಾಲೆಯಲ್ಲಿ ನಿಂತಿದ್ದ ತವನಪ್ಪನಿಗೆ ಒಳಗೆ ಹೋಗಿ ಮಗಳನ್ನು ಎತ್ತಿಕೊಳ್ಳಬೇಕು ಅನಿಸಿತು. ಆದರೆ ಕಾಲುಗಳು ಕಂಪ್ಯೂಟರಿನ ಕಡೆಗೆ ನಡೆದವು, ಮಾತು ಬಿಸಿಯಾಗಿರುವಾಗಲೇ ಬರೆಯಬೇಕಿತ್ತು.

ಅಷ್ಟು ಚೆನ್ನಾಗಿ ಅವನು ಹಿಂದೆಂದೂ ಬರೆದಿರಲಿಲ್ಲ. ಮರುದಿನ ಬೆಳಗ್ಗೆ ಪುಟದ ಅಡಿಯ ಅಂಕಿ ಅವನಿಗೇ ನಂಬಲಾಗದಷ್ಟು ಏರಿತ್ತು. ಓದಿ ಅತ್ತೆವು ಎಂದು ಎಷ್ಟೋ ತಾಯಂದಿರು ಬರೆದಿದ್ದರು.

ಮೇಘಾಗೆ ಶಾಲೆಯಲ್ಲಿ ಪಾಠ ಹೇಳುವ ಬಾಯಿಯವರೂ ಅದನ್ನು ಓದಿ ಮೆಚ್ಚಿದರು. ಮೆಚ್ಚಿಗೆಯಿಂದಲೇ ತರಗತಿಯಲ್ಲಿ ಗಟ್ಟಿಯಾಗಿ ಓದಿ ಹೇಳಿದರು. ತವನಪ್ಪ ಶುಭಾಂಗಿಯ ಹೆಸರನ್ನೂ ಬದಲಿಸಿರಲಿಲ್ಲ. ಹುಡುಗರು ನಕ್ಕರು, ಶುಭಾಂಗಿ ಡೆಸ್ಕಿನ ಮೇಲೆ ತಲೆಯಿಟ್ಟು ಅತ್ತಳು, ಮೇಘಾಗೆ ಅಂದಿನಿಂದ ‘ಚಿಕ್ಕಿ’ ಎಂಬ ಹೆಸರು ಬಿತ್ತು. ಇದನ್ನೆಲ್ಲ ತವನಪ್ಪನಿಗೆ ಹೇಳಿದವಳು ಸುಗಂಧಾ. ಮೇಘಾ ಮನೆಗೆ ಬಂದು, ಪಾಟೀಚೀಲ ಇಟ್ಟು, ಕೈಕಾಲು ತೊಳೆದು ಅಭ್ಯಾಸಕ್ಕೆ ಕೂತಿದ್ದಳು.

ಜಗಳವಾಡಿದ್ದರೆ, ಅತ್ತಿದ್ದರೆ ತವನಪ್ಪ ಸಮಾಧಾನ ಮಾಡುತ್ತಿದ್ದನೇನೋ. ಅವಳು ಅಂಥದ್ದೇನೂ ಮಾಡಲಿಲ್ಲ. ಕೇಳಿದ್ದಕ್ಕೆ ಹೂಂ, ಉಹೂಂ ಅಷ್ಟೇ. ಅವನು ಪಡಸಾಲೆಗೆ ಬಂದರೆ ತಾಯಿ ಮಗಳ ಮಾತು ನಿಲ್ಲುತ್ತಿತ್ತು. ಅವನು ಕೆಮ್ಮಿ, ಚಪ್ಪಲಿ ಸದ್ದು ಮಾಡಿ ಒಳಗೆ ಬರುವುದನ್ನು ರೂಢಿ ಮಾಡಿಕೊಂಡ. ಆಗ ಮಾತು ಇನ್ನೂ ಬೇಗ ನಿಲ್ಲುತ್ತಿತ್ತು.

ಒಂದು ಭಾನುವಾರ ಅವನು ಬ್ಲಾಗನ್ನೇ ಅಳಿಸಿದ. ಆರು ವರ್ಷದ ಬರಹ ಒಂದೇ ಗುಂಡಿ ಒತ್ತುವುದರಲ್ಲಿ ಹೋಯಿತು. ಆದರೆ ಚಿಕ್ಕಿಯ ಕಥೆ ಅಷ್ಟರಲ್ಲಿ ಮೊಬೈಲುಗಳಿಗೆ ಹಾರಿತ್ತು. ಬರೆದವನ ಹೆಸರೂ ಮೇಘಿಯ ಹೆಸರೂ ಇಲ್ಲದೆ, ಕೆಳಗೆ ಹೂವಿನ ಚಿತ್ರ ಅಂಟಿಸಿಕೊಂಡು ಅಲೆಯುತ್ತಿತ್ತು. ಕಾಗವಾಡದಲ್ಲಿ ಬಂಧುಗಳ ಮದುವೆಯ ಪಂಕ್ತಿಯಲ್ಲಿ ಸುಗಂಧಾಳ ಅಣ್ಣ ಜಿನ್ನಪ್ಪ ಅದನ್ನೇ ಓದಿ ಎಲ್ಲರಿಗೂ ಕೇಳಿಸಿದ. ಅದು ಯಾರ ಮನೆಯದೆಂದು ಅವನಿಗೆ ಗೊತ್ತಿರಲಿಲ್ಲ. ಎದುರು ಸಾಲಿನಲ್ಲಿ ಕೂತ ಮೇಘಾ ತಲೆ ಎತ್ತದೆ ಊಟ ಮುಗಿಸಿದಳು. ಅಳಿಸ್ರಿ ಎಂದು ತವನಪ್ಪ ಜಿನ್ನಪ್ಪನ ಕೈ ಹಿಡಿದ. ನಾನೊಬ್ಬ ಅಳಿಸಿದರೆ ಏನಾಗತೈತಿ, ಎಲ್ಲರ ಹತ್ತಿರವೂ ಐತಲ್ಲ ಎಂದು ಅವನು ನಕ್ಕ.

ಊರಿಗೆ ಮರಳಿದ ಮೇಲೆ ತವನಪ್ಪ ಮಗಳ ಕೋಣೆಗೆ ಹೋದ. ಅವಳು ಪುಸ್ತಕ ಮುಚ್ಚಿದಳು.

“ನಾ ಎಲ್ಲಾ ತಗದ ಹಾಕೀನವಾ. ಇನ್ನ ಯಾವತ್ತೂ ಬರಿಯೂದಿಲ್ಲ.”

“ಹೂಂ.”

“ಮದ್ಲಿನಗತೆ ನನ್ನ ಜೋಡಿ ಮಾತಾಡು.”

ಮೇಘಾ ಅವನನ್ನು ನೋಡಿದಳು. ಮುಖದಲ್ಲಿ ಸಿಟ್ಟಿರಲಿಲ್ಲ. “ಏನ ಮಾತಾಡ್ಲಿ ಪಪ್ಪಾ? ನೀನ ಹೇಳು” ಅಂದಳು.

ಬಾಯಿಯವರ ಮುಂದೆ ನಿಂತವಳ ಹಾಗೆ ಕೈಕಟ್ಟಿ ಕಾದಳು. ತವನಪ್ಪ ಏನು ಕೇಳಿದರೂ ಅವಳು ಅವನಿಗೆ ಬೇಕಾದ ಉತ್ತರವನ್ನೇ ಹುಡುಕಿ ಕೊಡುವಳೆಂದು ಅವನಿಗೆ ಗೊತ್ತಿತ್ತು.

“ನಾ ಅಭ್ಯಾಸ ಮಾಡ್ಲಿ?” ಎಂದು ಅವಳು ಕೇಳಿದಳು.

“ಮಾಡವಾ” ಎಂದು ಅವನು ಹೊರಗೆ ಬಂದ.