ದುಬೈ ಸಮಯದ ಪರೀಕ್ಷೆ

ಪರ್ಕಳದ ಕಂಪ್ಯೂಟರ್ ತರಬೇತಿ ಕೇಂದ್ರಕ್ಕೆ ಅಶ್ವಿನಿ ಬೇಗನೇ ಬಂದು ಕೂತಿದ್ದಳು. ಹತ್ತು ಗಂಟೆಗೆ ಪರೀಕ್ಷೆ. ಮಣಿಪಾಲದ ಒಂದು ಕಂಪನಿಯಲ್ಲಿ ಡೇಟಾ ಎಂಟ್ರಿ ಕೆಲಸ. ಒಬ್ಬರಿಗೆ ಒಂದೇ ಅವಕಾಶ. ಪಾಸಾದರೆ ಹಾಸ್ಟೆಲಿನ ಶೌಚಾಲಯ ತೊಳೆಯುವುದು ನಿಲ್ಲುತ್ತಿತ್ತು. ಬಾಗಲಕೋಟೆಯಿಂದ ಬಂದಾಗಿನಿಂದ ಅವಳೂ ಅವಳ ತಾಯಿ ರತ್ನವ್ವನೂ ಮಾಡುತ್ತಿದ್ದುದು ಅದನ್ನೇ.

ಹತ್ತಾದರೂ ಪ್ರಶ್ನೆಗಳು ತೆರೆಯಲಿಲ್ಲ. ‘ಪರೀಕ್ಷೆ ಇನ್ನೂ ಆರಂಭವಾಗಿಲ್ಲ’ ಎಂದಿತು ಪರದೆ. ಅದರ ಮೂಲೆಯ ಗಡಿಯಾರದಲ್ಲಿ ಬೆಳಗಿನ ಜಾವ ನಾಲ್ಕೂವರೆ.

ಕೇಂದ್ರದ ಶಿಕ್ಷಕ ಲಿಯೋನೆಲ್ ಬಂದ. ಅವಳು ಕೂತಿದ್ದ ಕಂಪ್ಯೂಟರಿನಲ್ಲಿ ವಿಂಡೋಸ್ ತೆಗೆದು ಲಿನಕ್ಸ್ ಎಂಬ ಬೇರೆ ವ್ಯವಸ್ಥೆ ಹಾಕಿದ್ದು ಅದೇ ವಾರ. ಅವನಿನ್ನೂ ಅದನ್ನು ಕಲಿತಿರಲಿಲ್ಲ. ಯಾರೂ ಊರು ಆರಿಸದ್ದರಿಂದ ಅದು ಗ್ರೀನಿಚ್ ಸಮಯ ತೋರಿಸುತ್ತಿತ್ತು. ಸಮಯಕ್ಕೆ ಊರು ಆರಿಸುವ ಪಟ್ಟಿ ತೆರೆದ. ಡೆಲ್ಲಿ ಇಲ್ಲ, ಬೆಂಗಳೂರು ಇಲ್ಲ.

“ಇದೆಂತ ಮಾರಾಯ್ರೆ, ನಮ್ಮ ದೇಶವೇ ಇಲ್ಲ! ದುಬೈ ಉಂಟು.”

ಲಿಯೋನೆಲ್‌ನ ಅಣ್ಣ ದುಬೈಯಲ್ಲಿದ್ದುದರಿಂದ ಇಲ್ಲಿನ ಮನೆಯ ಗೋಡೆಯಲ್ಲಿ ಆ ಊರಿನ ಸಮಯದ್ದೇ ಒಂದು ಗಡಿಯಾರವಿತ್ತು. ಒಂದೂವರೆ ಗಂಟೆ ಕೂಡಿಸಿದರೆ ಇಲ್ಲಿಯ ಸಮಯ. ಅವನು ದುಬೈ ಆರಿಸಿ, ಗಡಿಯಾರವನ್ನು ಒಂದೂವರೆ ಗಂಟೆ ಮುಂದಕ್ಕೆ ಹಾಕಿದ. ಪ್ರಶ್ನೆಗಳು ತೆರೆದವು.

“ಬರೆಯಿರಿ ಇನ್ನು.”

ಅರ್ಧ ಮುಗಿಸುವಷ್ಟರಲ್ಲಿ ಗಡಿಯಾರ ತಾನಾಗಿ ಹಿಂದಕ್ಕೆ ಹೋಯಿತು. ಯಂತ್ರ ಇಂಟರ್ನೆಟ್ಟಿನಿಂದ ಸಮಯ ಕೇಳಿ ತನ್ನನ್ನು ತಿದ್ದಿಕೊಂಡು ದುಬೈಯ ನಿಜವಾದ ಸಮಯ ತೋರಿಸಿತ್ತು. ಅಲ್ಲಿ ಒಂಬತ್ತೂ ಆಗಿರಲಿಲ್ಲ. ಪ್ರಶ್ನೆಗಳು ಮುಚ್ಚಿಕೊಂಡವು.

“ಸರ, ನಾ ಏನೂ ಒತ್ತಿಲ್ರಿ!”

ಹನ್ನೊಂದರ ಸರದಿಗೆ ಕಾಯುತ್ತಿದ್ದ ಹರ್ಷಿತ್ ಇಣುಕಿ ನೋಡಿದ. “ಅವರನ್ನು ದುಬೈಗೆ ಕಳಿಸಿದ್ರಾ ಸರ್? ವೀಸಾ ಉಂಟಾ?”

“ನೀನು ಬಾಯಿ ಮುಚ್ಚು.” ಲಿಯೋನೆಲ್ ಪಟ್ಟಿಯನ್ನು ಮತ್ತೆ ಮೇಲಿಂದ ಕೆಳಗೆ ಹುಡುಕಿದ. ಕಲ್ಕತ್ತಾ ಸಿಕ್ಕಿತು; ಇಡೀ ದೇಶಕ್ಕೆ ಅದರಲ್ಲಿದ್ದದ್ದು ಅದೊಂದೇ ಊರು. ಒತ್ತಿದ ಕೂಡಲೇ ಸಮಯ ಸರಿಯಾಯಿತು.

ಅಶ್ವಿನಿ ತನ್ನ ಪರೀಕ್ಷಾ ಸಂಖ್ಯೆಯನ್ನು ಮತ್ತೆ ಹಾಕಿದಳು. ‘ನಿಮ್ಮ ಪರೀಕ್ಷೆ ಮುಗಿದಿದೆ.’

ಲಿಯೋನೆಲ್ ಕಂಪನಿಗೆ ಫೋನ್ ಮಾಡಿದ. ನಡೆದದ್ದನ್ನು ಹೇಳಿದ, ಮತ್ತೊಮ್ಮೆ ಹೇಳಿದ, ಆಮೇಲೆ ಬರೀ ಕೇಳಿಸಿಕೊಂಡ.

“ಅವರಲ್ಲಿ ಮುಗಿದಿದೆ ಅಂತಲೇ ಉಂಟಂತೆ. ನಡುವೆ ಮುಚ್ಚಿಕೊಂಡರೂ ಮುಗಿದ ಹಾಗೆಯೇ ಅಂತೆ, ಮತ್ತೆ ತೆರೆಯಲಿಕ್ಕೆ ಆಗುವುದಿಲ್ಲವಂತೆ.”

“ಹಂಗಾರ ನಾ ಯಾರನ್ನ ಕೇಳ್ಲಿ, ಸರ?”

“ಟೈಮ್ ಈಗ ಸರಿ ಉಂಟಲ್ವಾ” ಎಂದ ಲಿಯೋನೆಲ್, ಪರದೆ ನೋಡುತ್ತ.

ಹನ್ನೊಂದಾಯಿತು. ಬೇರೆ ಕುರ್ಚಿ ಖಾಲಿ ಇರಲಿಲ್ಲ. ಹರ್ಷಿತ್ ಅವಳ ಹಿಂದೆ ಬಂದು ನಿಂತ. ಈ ಸಲ ನಗಲಿಲ್ಲ. ಅಶ್ವಿನಿ ಎದ್ದಳು. ಅವನು ಕೂತು ತನ್ನ ಸಂಖ್ಯೆ ಹಾಕಿದ. ಪ್ರಶ್ನೆಗಳು ತೆರೆದವು.